ಬಾಡಿಗೆ ಮನೆಯ ಬಚ್ಚಲು: ಕೊರೆಯದೆ ತೂಗುಹಾಕುವ ಬಗೆಗಳು

ಮ್ಯೂನಿಕ್‌ನ ಬಾಡಿಗೆ ಮನೆಗೆ ಬಂದ ಮೊದಲ ತಿಂಗಳು ನಮ್ಮ ಟವೆಲುಗಳು ಬಾಗಿಲ ಹಿಡಿಕೆಯ ಮೇಲಿದ್ದವು, ಸೋಪು ಕಿಟಕಿಯ ಅಂಚಿನಲ್ಲಿತ್ತು. ಗೋಡೆಗೆ ಕೈ ಹಚ್ಚಲು ನನಗೆ ಭಯವಿತ್ತು. ಆ ಭಯ ನಾನು ಬೆಂಗಳೂರಿನಿಂದ ತಂದದ್ದು. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಪಡೆಯುವುದು, ಮನೆ ಖಾಲಿ ಮಾಡುವಾಗ ಪೇಂಟಿಂಗ್ ಖರ್ಚಿಗೆಂದು ಅದರಲ್ಲಿ ಒಂದು ತಿಂಗಳಿನದನ್ನು ಮುರಿದುಕೊಳ್ಳುವುದು ಅಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಅಷ್ಟು ಹಣ ಇನ್ನೊಬ್ಬರ ಕೈಯಲ್ಲಿರುವಾಗ ಟೈಲ್ಸ್‌ನಲ್ಲಿ ಒಂದು ತೂತು ಕೊರೆಯಲೂ ಬಾಡಿಗೆದಾರ ಹತ್ತು ಸಲ ಯೋಚಿಸುತ್ತಾನೆ.

ಜರ್ಮನಿಯ ಕಾನೂನು ಈ ವಿಷಯದಲ್ಲಿ ಬಾಡಿಗೆದಾರನ ಕಡೆಗೆ ಹೆಚ್ಚು ವಾಲಿದೆ. ಅಲ್ಲಿನ ಸಿವಿಲ್ ಸಂಹಿತೆಯ 551ನೇ ಕಲಮಿನ ಪ್ರಕಾರ ಠೇವಣಿಯು ಇತರ ಖರ್ಚುಗಳನ್ನು ಬಿಟ್ಟು ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ಬಚ್ಚಲಿನಲ್ಲಿ ಸಾಮಾನ್ಯ ಬಳಕೆಗೆ ಬೇಕಾದಷ್ಟು ತೂತುಗಳನ್ನು ಕೊರೆಯುವುದು ಬಾಡಿಗೆದಾರನ ಹಕ್ಕಿನೊಳಗೇ ಬರುತ್ತದೆ ಎಂಬುದನ್ನು ಅಲ್ಲಿನ ಅತ್ಯುಚ್ಚ ಸಿವಿಲ್ ನ್ಯಾಯಾಲಯ 1993ರಲ್ಲೇ ಒಪ್ಪಿದೆ. ಇದು ತಿಳಿದ ಮೇಲೂ ನಾನು ಡ್ರಿಲ್ ಎತ್ತಿಕೊಳ್ಳಲಿಲ್ಲ. ಈ ಸಲದ ಕಾರಣ ಭಯವಲ್ಲ. ಸ್ನಾನದ ಜಾಗದ ಟೈಲ್ಸ್‌ನ ಹಿಂದೆ ನೀರು ಗೋಡೆಯೊಳಕ್ಕೆ ಇಳಿಯದಂತೆ ಹಚ್ಚಿದ ಒಂದು ತೆಳುವಾದ ಪದರವಿರುತ್ತದೆ. ಕೊರೆದ ತೂತು ಆ ಪದರವನ್ನು ಹರಿಯುತ್ತದೆ, ಸರಿಯಾಗಿ ಮುಚ್ಚದಿದ್ದರೆ ಒಳಗಿಳಿದ ತೇವ ವರ್ಷಗಳ ನಂತರ ಪಕ್ಕದ ಕೋಣೆಯ ಗೋಡೆಯಲ್ಲಿ ಬೂಷ್ಟಾಗಿ ಕಾಣಿಸಿಕೊಳ್ಳುತ್ತದೆ. ಟೈಲ್ಸ್‌ನ ಮೈಯಲ್ಲೇ ಕೊರೆಯುವ ಬದಲು ಎರಡು ಟೈಲ್ಸ್ ನಡುವಿನ ಸಂದಿಯಲ್ಲಿ ಕೊರೆಯಿರಿ ಎಂಬ ಸಲಹೆಯನ್ನು ಎಲ್ಲೆಡೆ ಕೇಳುತ್ತೇವೆ. ಸಂದಿಯನ್ನು ಮತ್ತೆ ತುಂಬುವುದು ಸುಲಭ ಎಂಬುದು ನಿಜವಾದರೂ, 3 ಮಿ.ಮೀ. ಸಂದಿಯಲ್ಲಿ 6 ಮಿ.ಮೀ. ಬಿಟ್ ಓಡಿಸಿದರೆ ಎರಡೂ ಕಡೆಯ ಟೈಲ್ಸ್ ಅಂಚು ಚಕ್ಕೆ ಏಳಬಹುದು.

ಕೊರೆಯದ ಬಗೆಗಳಲ್ಲಿ ಎಲ್ಲರೂ ಮೊದಲು ಕೊಳ್ಳುವುದು ಗಾಳಿ ಹಿಂಡಿ ಅಂಟಿಸುವ ರಬ್ಬರ್ ಬಟ್ಟಲನ್ನು, ಅಂದರೆ ಸಕ್ಷನ್ ಕಪ್ಪನ್ನು. ಲೆಕ್ಕದ ಮಟ್ಟಿಗೆ ಅದು ಬಲಶಾಲಿ: ವಾತಾವರಣದ ಒತ್ತಡ ಪ್ರತಿ ಚದರ ಸೆಂ.ಮೀ.ಗೆ ಸುಮಾರು 1 ಕಿಲೋ ಇರುವುದರಿಂದ, 6 ಸೆಂ.ಮೀ. ಅಗಲದ ಬಟ್ಟಲನ್ನು ನೇರವಾಗಿ ಕಿತ್ತು ತೆಗೆಯಲು 28 ಕಿಲೋದಷ್ಟು ಎಳೆತ ಬೇಕು. ಬಳಕೆಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಬಟ್ಟಲಿನ ಅಂಚಿನಿಂದ ಗಾಳಿ ಸ್ವಲ್ಪ ಸ್ವಲ್ಪವೇ ಒಳ ಸೇರುತ್ತದೆ, ಬಿಸಿನೀರಿನ ಹಬೆಗೆ ರಬ್ಬರ್ ಮೆತ್ತಗಾಗುತ್ತದೆ, ಒರಟು ಮೈಯ ಟೈಲ್ಸ್ ಅಥವಾ ಸಂದಿಯ ಮೇಲೆ ಅದು ಕೂರುವುದೇ ಇಲ್ಲ. ಮ್ಯೂನಿಕ್‌ನದು ಗಡಸು ನೀರು. ಬೆಂಗಳೂರಿನ ಬೋರ್‌ವೆಲ್ ನೀರನ್ನು ಕಂಡವರಿಗೆ ಟೈಲ್ಸ್ ಮೇಲೆ ಕೂರುವ ಆ ಬಿಳಿ ಪೊರೆ ಹೊಸದಲ್ಲ. ಆ ಪೊರೆಯೂ ಬಟ್ಟಲಿನ ಹಿಡಿತವನ್ನು ಕೆಡಿಸುತ್ತದೆ. ನಮ್ಮ ಮನೆಯಲ್ಲಿ ಮೂರು ಶಾಂಪೂ ಬಾಟಲಿಗಳಿದ್ದ ತಟ್ಟೆಯೊಂದು ನಡುರಾತ್ರಿ ಕಳಚಿ ಬಿದ್ದು ವಾಶ್‌ಬೇಸಿನ್‌ನ ಅಂಚು ಬಿರುಕು ಬಿಟ್ಟಿತು. ಗೋಡೆ ಉಳಿಯಿತು, ಬೇಸಿನ್ನಿನ ದಂಡ ನನ್ನ ಪಾಲಿಗೆ ಬಂತು. ವಾರಕ್ಕೊಮ್ಮೆ ತೆಗೆದು, ತೊಳೆದು, ಒರೆಸಿ ಮತ್ತೆ ಒತ್ತುವ ತಾಳ್ಮೆಯುಳ್ಳವರಿಗೆ, ಸ್ನಾನದ ಸ್ಪಂಜಿನಂತಹ ಹಗುರ ವಸ್ತುಗಳಿಗೆ ಮಾತ್ರ ಈ ಬಟ್ಟಲು ಸಾಕು.

ಎರಡನೆಯದು ಎಳೆದರೆ ಹಿಗ್ಗಿ ಬಿಡುವ ಅಂಟುಪಟ್ಟಿ. ಕಮಾಂಡ್ ಎಂಬ ಹೆಸರಿನಲ್ಲಿ ಇದು ಭಾರತದಲ್ಲೂ ಸಿಗುತ್ತದೆ. ಬಚ್ಚಲಿಗೆ ನೀರು ತಡೆಯುವ ಬೇರೆಯೇ ಪಟ್ಟಿಯಿದೆ. ಇದರಲ್ಲಿ ಸೋಲುವವರು ಬಹುಪಾಲು ಸೋಲುವುದು ಅವಸರದಿಂದ. ಸೋಪಿನಿಂದ ತೊಳೆದ ಗೋಡೆಯ ಮೇಲೆ ಸೋಪಿನದೇ ಪೊರೆ ಉಳಿಯುವುದರಿಂದ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಒಣಗಿಸಬೇಕು; ಅಂಟಿಸಿದ ಮೇಲೆ ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಏನನ್ನೂ ತೂಗುಹಾಕದೆ ಕಾಯಬೇಕು. ತೆಗೆಯುವಾಗ ಪಟ್ಟಿಯ ತುದಿಯನ್ನು ನಮ್ಮ ಕಡೆಗೆ ಸೆಳೆಯದೆ, ಗೋಡೆಗೆ ತಾಗಿದಂತೆಯೇ ಕೆಳಮುಖವಾಗಿ ನಿಧಾನ ಎಳೆಯಬೇಕು. ಹಾಗೆ ಎಳೆದಾಗ ಪಟ್ಟಿ ತೆಳುವಾಗುತ್ತಾ ತಾನಾಗಿ ಬಿಡುತ್ತದೆ. ನಮ್ಮ ಕಡೆಗೆ ಸೆಳೆದರೆ ಬಣ್ಣದ ಗೋಡೆಯಲ್ಲಿ ಬಣ್ಣವೂ ಕಿತ್ತು ಬರುತ್ತದೆ. ಸಾಮಾನ್ಯ ಫೋಮ್ ಟೇಪನ್ನು ಬಳಸಿದವರು ಅದನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಹಲ್ಲಿನ ಸಂದಿ ಶುಚಿಮಾಡುವ ದಾರವನ್ನು ಹಿಂದಿನಿಂದ ಗರಗಸದಂತೆ ಆಡಿಸಿ ಬಿಡಿಸಬಹುದು.

ಪೊಟ್ಟಣದ ಮೇಲೆ ಬರೆದ ಕಿಲೋ ಲೆಕ್ಕವನ್ನು ನಂಬಿ ಮೋಸಹೋಗುವುದು ಎಲ್ಲಿ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೊಕ್ಕೆಗೆ ತೂಗುಹಾಕಿದ ಟವೆಲಿನ ಭಾರ ಗೋಡೆಗೆ ಹೊಂದಿಕೊಂಡು ಕೆಳಕ್ಕೆ ಜಗ್ಗುತ್ತದೆ, ಅದನ್ನು ಅಂಟು ಚೆನ್ನಾಗಿ ತಾಳುತ್ತದೆ. ಮುಂದಕ್ಕೆ ಚಾಚಿದ ತಟ್ಟೆಯದು ಬೇರೆ ಕಥೆ. ಗೋಡೆಯಿಂದ 10 ಸೆಂ.ಮೀ. ಮುಂದಿರುವ 2 ಕಿಲೋ ಭಾರವು 5 ಸೆಂ.ಮೀ. ಎತ್ತರದ ಪಟ್ಟಿಯ ಮೇಲಂಚನ್ನು ಸುಮಾರು 4 ಕಿಲೋದಷ್ಟು ಬಲದಿಂದ ಹೊರಕ್ಕೆ ಸುಲಿಯುತ್ತದೆ, ಮತ್ತು ಅಂಟು ಅತ್ಯಂತ ದುರ್ಬಲವಾಗಿರುವುದು ಹೀಗೆ ಸುಲಿಯುವಾಗಲೇ. ಆದ್ದರಿಂದ ತಟ್ಟೆಯನ್ನು ಆರಿಸುವಾಗ ಗೋಡೆಗೆ ತಾಗುವ ಹಲಗೆ ಎಷ್ಟು ಎತ್ತರವಿದೆ, ತಟ್ಟೆ ಎಷ್ಟು ಕಡಿಮೆ ಚಾಚಿದೆ ಎಂಬುದನ್ನು ನೋಡಿ ಕೊಳ್ಳುವುದು ಒಳ್ಳೆಯದು.

ನಾನು ಕೊನೆಗೆ ನೆಚ್ಚಿಕೊಂಡದ್ದು ಮೂರನೆಯ ಬಗೆಯನ್ನು. ಗೋಡೆಗೆ ಒಂದು ಚಿಕ್ಕ ಲೋಹದ ಬಿಲ್ಲೆಯನ್ನಿಟ್ಟು ಅದರ ಹಿಂದೆ ಅಂಟನ್ನು ತುಂಬುತ್ತಾರೆ, ಅಂಟು ಗಟ್ಟಿಯಾಗಲು ಒಂದು ರಾತ್ರಿ ಬಿಟ್ಟು ಮರುದಿನ ಟವೆಲ್ ಸರಳನ್ನು ಅದಕ್ಕೆ ತಿರುಗಿಸಿ ಕೂರಿಸುತ್ತಾರೆ. ಮನೆ ಬಿಡುವಾಗ ಸ್ಪ್ಯಾನರಿನಿಂದ ಬಿಲ್ಲೆಯನ್ನು ತಿರುಚಿದರೆ ಅದು ಕಳಚಿಕೊಳ್ಳುತ್ತದೆ, ಉಳಿದ ಅಂಟನ್ನು ಕೆರೆದು ತೆಗೆಯಬಹುದು. ಬೆಲೆ ಹೆಚ್ಚು, ಒಮ್ಮೆ ಸೊಟ್ಟಗೆ ಕೂತರೆ ತಿದ್ದಲಾಗದು. ಆದರೂ ಮೆರುಗಿನ ಟೈಲ್ಸ್‌ಗೆ ಇದಕ್ಕಿಂತ ನಂಬಿಕೆಯ ಬಗೆ ನನಗೆ ಸಿಕ್ಕಿಲ್ಲ. ಸುಣ್ಣ ಬಳಿದ ಅಥವಾ ಪುಡಿಯೇಳುವ ಗೋಡೆಗೆ ಇದು ಸಲ್ಲದು, ಅಲ್ಲಿ ನೆಲದಿಂದ ಚಾವಣಿಯವರೆಗೆ ಸ್ಪ್ರಿಂಗಿನಿಂದ ಬಿಗಿದು ನಿಲ್ಲುವ ಕಂಬವೇ ಲೇಸು.

ಕೊರೆಯಲೇಬೇಕಾದ ವಸ್ತುವೂ ಒಂದಿದೆ. ಕಳೆದ ವರ್ಷ ನನ್ನ ತಾಯಿ ಮೈಸೂರಿನಿಂದ ಬಂದಾಗ, ಅವರಿಗೆ ಮೊಣಕಾಲು ನೋವಿದ್ದುದರಿಂದ, ಸ್ನಾನದ ತೊಟ್ಟಿಯ ಪಕ್ಕ ಒಂದು ಹಿಡಿಕೆ ಬೇಕಾಯಿತು. ಸಕ್ಷನ್ ಹಿಡಿಕೆಯೊಂದನ್ನು ತಂದೆ. ಬಿಗಿಯಾಗಿ ಕೂತಿದ್ದರೆ ಹಸಿರು, ಸಡಿಲವಾಗಿದ್ದರೆ ಕೆಂಪು ತೋರಿಸುವ ಗುರುತು ಅದರಲ್ಲಿತ್ತು. ಅಂಥ ಹಿಡಿಕೆ ಸಮತೋಲಕ್ಕೆ ಬೆರಳೂರಲು ಮಾತ್ರ. ಕಾಲು ಜಾರಿದಾಗ ಇಡೀ ಮೈಭಾರ ಅದರ ಮೇಲೆ ಬಿದ್ದರೆ, ಬೆಳಗ್ಗೆ ಹಸಿರಿದ್ದದ್ದೂ ಆ ಗಳಿಗೆಯಲ್ಲಿ ಕಿತ್ತುಬರಬಹುದು. ಅದನ್ನು ಹಿಂದಿರುಗಿಸಿ, ಮನೆಯೊಡತಿಗೆ ಪತ್ರ ಬರೆದೆ. ಅವರು ಒಪ್ಪಿ ಲಿಖಿತ ಅನುಮತಿ ಕೊಟ್ಟರು, ಕೆಲಸ ಬಲ್ಲವರು ಬಂದು ಸ್ಕ್ರೂ ಬಿಗಿದು ತೂತುಗಳನ್ನು ನೀರಿಳಿಯದಂತೆ ಮುಚ್ಚಿದರು. ಹಿರಿಯರು ಆಧರಿಸಿ ನಿಲ್ಲುವ ವಸ್ತುವಿನ ವಿಷಯದಲ್ಲಿ ಗೋಡೆಯ ಚೆಲುವನ್ನು ಲೆಕ್ಕಕ್ಕೆ ತರುವುದು ತಪ್ಪು.

ಆ ದಿನಗಳಲ್ಲಿ ತಾಯಿ ನಮ್ಮ ಹಳೆಯ ಮನೆಯ ಬಚ್ಚಲನ್ನು ನೆನಪಿಸಿದರು. ಅಲ್ಲಿ ಸೀಗೆಪುಡಿಗೂ ಸೋಪಿಗೂ ಗೋಡೆಯಲ್ಲೇ ಗೂಡಿತ್ತು, ಬಟ್ಟೆಗೆ ಮರದ ಗೂಟವಿತ್ತು. ಎರಡೂ ಗೋಡೆ ಕಟ್ಟುವಾಗಲೇ ಕೂತವು. ಬೆಂಗಳೂರಿನಲ್ಲಿ ಬಾಡಿಗೆಗೆಂದೇ ಮನೆ ಕಟ್ಟಿಸುವವರು ಟೈಲ್ಸ್ ಹಾಕುವ ಮುನ್ನ, ವಾಟರ್‌ಪ್ರೂಫಿಂಗ್ ಮಾಡುವಾಗಲೇ ಇಂಥ ಒಂದು ಗೂಡನ್ನು ಬಿಡಿಸಿ, ನಾಲ್ಕು ಗಟ್ಟಿ ಕೊಕ್ಕೆಗಳನ್ನೂ ಒಂದು ಹಿಡಿಕೆಯನ್ನೂ ಕೂರಿಸಿ ಕೊಡಬೇಕೆಂಬುದು ನನ್ನ ಕೋರಿಕೆ. ಬರುವ ಪ್ರತಿ ಬಾಡಿಗೆದಾರನೂ ಹೊಸದಾಗಿ ಅಂಟಿಸಿ ಕೀಳುವುದಕ್ಕಿಂತ ಆ ಗೋಡೆಗೂ ಅದು ಕ್ಷೇಮ.