ದುಃಖಕ್ಕೆ ಗಡುವು ಇಡುವವರು ಯಾರು?

ಹತ್ತಿರದವರು ತೀರಿಕೊಂಡು 12 ತಿಂಗಳು ಕಳೆದಿದೆ. ಇನ್ನೂ ದಿನವೂ ಅವರದೇ ಹಂಬಲ, ಬದುಕಿಗೆ ಅರ್ಥವಿಲ್ಲ ಅನ್ನುವ ಭಾವ, ಯಾರ ಜೊತೆಗೂ ಬೆರೆಯಲಾಗದ ಸ್ಥಿತಿ. ಅಮೆರಿಕದಲ್ಲಿ ಈಗ ಇದಕ್ಕೊಂದು ಕಾಯಿಲೆಯ ಹೆಸರಿದೆ: ಪ್ರೊಲಾಂಗ್ಡ್ ಗ್ರೀಫ್ ಡಿಸಾರ್ಡರ್, ಅಂದರೆ ಬಹುಕಾಲ ಬಿಡದ ಶೋಕದ ಕಾಯಿಲೆ. ಇಲ್ಲಿನ ಮನೋವೈದ್ಯರ ಸಂಘ 2022ರಲ್ಲಿ ಮಾನಸಿಕ ಕಾಯಿಲೆಗಳ ತನ್ನ ಕೈಪಿಡಿ ಡಿಎಸ್‌ಎಂ-5ನ್ನು ಪರಿಷ್ಕರಿಸಿದಾಗ ಇದನ್ನು ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲೂ ಇದೇ ಕಾಯಿಲೆ ಇದೆ. ಆದರೆ ಅಲ್ಲಿ ಗಡುವು 6 ತಿಂಗಳು.

ಈ ಎರಡು ಅಂಕಿ ನನ್ನನ್ನು ಬಹಳ ಕಾಡುತ್ತವೆ. ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಮನೆಯಲ್ಲಿ ಸಾವಾದರೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ರಜೆ ಮೂರರಿಂದ ಐದು ದಿನ. ಆಮೇಲೆ ಕೆಲಸಕ್ಕೆ ಹಾಜರಾಗಬೇಕು. ಅಂಥ ದೇಶದ ವೈದ್ಯರು ಕಾಯಿಲೆ ಅನ್ನೋಕೆ ಒಂದು ವರ್ಷ ಕಾಯುತ್ತಾರೆ. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗ ಗುರುತಿಸಲು ಐಸಿಡಿಯಂಥ ಅಂತರರಾಷ್ಟ್ರೀಯ ಪಟ್ಟಿಯನ್ನು ಒಪ್ಪುತ್ತದೆ. ಅಂದರೆ, ವರ್ಷಾಂತಿಕ ಮುಗಿಯುವ ತನಕ ಹಬ್ಬವನ್ನೇ ಮಾಡದ ಮನೆಗಳಿರುವ ನಮ್ಮ ನಾಡಿನಲ್ಲಿ ಆರೇ ತಿಂಗಳಿಗೆ ಈ ಹೆಸರು ಅಂಟಬಹುದು.

ನಿಜ, ಎರಡೂ ಪುಸ್ತಕಗಳಲ್ಲಿ ಒಂದು ಷರತ್ತಿದೆ. ಆ ಮನುಷ್ಯನ ಸಮಾಜ, ಸಂಸ್ಕೃತಿ, ಧರ್ಮದ ರೂಢಿಯನ್ನು ಮೀರಿದ ದುಃಖವಾಗಿದ್ದರೆ ಮಾತ್ರ ಕಾಯಿಲೆ. ಒಳ್ಳೆಯ ಷರತ್ತು. ಆದರೆ ಆ ರೂಢಿ ಯಾವುದು ಅಂತ ಡಾಕ್ಟರಿಗೆ ಹೇಳುವವರು ಯಾರು?

ನಮ್ಮಲ್ಲೇ ನೋಡಿ. ಒಕ್ಕಲಿಗರ ಮನೆಯಲ್ಲಿ ಮೂರನೇ ದಿನ ಹಾಲು-ತುಪ್ಪ, ಹನ್ನೊಂದಕ್ಕೆ ತಿಥಿ. ಬ್ರಾಹ್ಮಣರಲ್ಲಿ ಹದಿಮೂರು ದಿನದ ಕರ್ಮ, ಆಮೇಲೆ ತಿಂಗಳು ತಿಂಗಳೂ ಮಾಸಿಕ. ಗಂಡ ತೀರಿದ ಮುಸ್ಲಿಂ ಹೆಂಗಸಿಗೆ ಇದ್ದತ್, ಅಂದರೆ ಕಾಯುವ ಅವಧಿ, 4 ತಿಂಗಳು 10 ದಿನ. ಶರಣರು ಸೂತಕವನ್ನೇ ಒಪ್ಪಲಿಲ್ಲ. ಲಿಂಗೈಕ್ಯರಾದರು ಅಂತ ಶಿವಗಣಾರಾಧನೆ ಮಾಡುತ್ತಾರೆ. ಇಷ್ಟನ್ನೂ ಒಟ್ಟುಗೂಡಿಸಿ 'ಇಂಡಿಯನ್ ಕಲ್ಚರ್' ಅಂತ ಒಂದು ಗೆರೆಯಲ್ಲಿ ಬರೆದರೆ ಯಾರ ರೂಢಿಯೂ ಅದರಲ್ಲಿ ಸಿಗುವುದಿಲ್ಲ.

ನನ್ನ ಸೋದರತ್ತೆಯ ವಿಷಯ ಹೇಳುತ್ತೇನೆ. ಮಾವ ತೀರಿಕೊಂಡ ಮೇಲೆ ಮಗ ಅವರನ್ನು ಇಲ್ಲಿಗೆ ಕರೆಸಿಕೊಂಡ. ಬಿಪಿ ತೋರಿಸಲು ಕ್ಲಿನಿಕ್‌ಗೆ ಹೋದಾಗ ದುಭಾಷಿಯಾಗಿ ಹೋದವನು ನಾನು. ನರ್ಸ್ ಒಂದು ಹಾಳೆ ಕೊಟ್ಟರು. ಪಿಎಚ್‌ಕ್ಯೂ-9 ಅಂತ. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ. ಒಟ್ಟು 27ರಲ್ಲಿ 10 ಬಂದರೆ ಖಿನ್ನತೆ ಇರಬಹುದು ಅಂತ ಮುಂದೆ ವಿಚಾರಿಸುತ್ತಾರೆ.

ಊಟ ಸೇರುತ್ತಿಲ್ಲವಾ? "ವರ್ಷ ತುಂಬೋ ತನಕ ಒಪ್ಪೊತ್ತು ಕಣಪ್ಪ, ರಾತ್ರಿ ಏನೂ ತಗೊಳಲ್ಲ." ಯಾವುದರಲ್ಲೂ ಆಸಕ್ತಿ ಇಲ್ಲವಾ? "ಈ ವರ್ಷ ಹಬ್ಬ ಇಲ್ಲ, ಮದುವೆ ಮನೆಗೆ ಹೋಗೋ ಹಂಗಿಲ್ಲ. ಇನ್ನೇನು ಆಸಕ್ತಿ?" ನಿದ್ದೆ? "ನಾಲ್ಕಕ್ಕೇ ಎಚ್ಚರ. ಹಾಲು ಕರೆಯೋಕೆ ಏಳ್ತಿದ್ದ ಅಭ್ಯಾಸ." ನರ್ಸ್ ಮೂರೂ ಕಡೆ 3ಕ್ಕೆ ಗುರುತು ಹಾಕಿದರು. ಉಳಿದ ಉತ್ತರಗಳೂ ಸೇರಿ ಅಂಕ ಹತ್ತು ದಾಟಿತು. ಬೇರೆಯವರಿಗೆ ಕೇಳದ್ದು ನಿಮಗೆ ಕೇಳಿಸುತ್ತಾ ಅಂದಾಗ ಅತ್ತೆ, "ಬೆಳಗಿನ ಜಾವ ಅವರು ಕೆಮ್ಮೋದು ಕೇಳಿಸುತ್ತೆ" ಅಂದರು. ಡಾಕ್ಟರು ತುಂಬ ಹೊತ್ತು ಟೈಪ್ ಮಾಡಿದರು. ಆಮೇಲೆ ಖಿನ್ನತೆಯ ಮಾತ್ರೆ ಬರೆದು ಕೌನ್ಸೆಲರ್ ಹತ್ತಿರ ಕಳಿಸಿದರು.

ಆ ಹಾಳೆ ಕೆಟ್ಟದ್ದಲ್ಲ. ಬಹಳ ಜನರ ನೋವನ್ನು ಅದು ಬೇಗ ಹಿಡಿದುಕೊಟ್ಟಿದೆ. ಆದರೆ ಅವತ್ತು ಅದು ಅಳೆದದ್ದು ಅರ್ಧ ನನ್ನ ಅತ್ತೆಯ ವ್ರತವನ್ನು. ಕೆಮ್ಮಿನ ವಿಷಯವೂ ನಮ್ಮವರಿಗೇ ಮೀಸಲಾದದ್ದಲ್ಲ. 1971ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕೆ ಡೀವಿ ರೀಸ್ ಎಂಬ ವೈದ್ಯರು ವೇಲ್ಸ್‌ನಲ್ಲಿ ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿದ್ದರು. ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತವರು ಜೊತೆಗಿದ್ದಂತೆ ಅನುಭವವಾಗಿದೆ, ಕಂಡಿದ್ದಾರೆ, ದನಿ ಕೇಳಿದ್ದೇವೆ ಅಂದರು. ಅವರಲ್ಲಿ ಹೆಚ್ಚಿನವರು ಅದುವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅತ್ತೆ ಕೇಳಿದ ಕೂಡಲೇ ಹೇಳಿದರು, ಅಷ್ಟೇ ವ್ಯತ್ಯಾಸ.

ಕೌನ್ಸೆಲರ್ ಬೇರೆ ಥರದವರು. ಡಿಎಸ್‌ಎಂ-5ರಲ್ಲೇ 16 ಪ್ರಶ್ನೆಗಳ ಒಂದು ಸಂದರ್ಶನವಿದೆ, ರೋಗಿಯ ಸಂಸ್ಕೃತಿಯ ಕಡೆಯಿಂದ ಕೇಳುವಂಥದ್ದು. ಇದಕ್ಕೆ ಸಮಯ ಕೊಡುವವರು ಕಡಿಮೆ. ಇವರು ಕೊಟ್ಟರು. ನಿಮ್ಮ ಪ್ರಕಾರ ನಿಮ್ಮ ತೊಂದರೆ ಏನು, ನಿಮ್ಮ ಕಡೆಯವರು ಇದನ್ನು ಏನಂತಾರೆ ಅಂತ ಕೇಳಿದರು. ಅತ್ತೆ ಆಗ ಅತ್ತರು. "ಬಂದು ಕೂರೋರು ಯಾರೂ ಇಲ್ಲ. ಅವರ ಮಾತೆತ್ತಿದರೆ ಮಗ ಬೇರೆ ವಿಷಯ ತೆಗೀತಾನೆ. ಊರಲ್ಲಾಗಿದ್ರೆ ದಿನಾ ಒಬ್ಬರಾದ್ರೂ ಬಂದು ಅತ್ತು ಹೋಗ್ತಿದ್ರು." ಆ ಒಂಬತ್ತು ಪ್ರಶ್ನೆಗಳಲ್ಲಿ ಈ ಉತ್ತರ ಬರೆಯೋಕೆ ಜಾಗವೇ ಇರಲಿಲ್ಲ.

ಈ ಗಡುವುಗಳು ಬದಲಾಗುತ್ತಲೇ ಬಂದಿವೆ ಅನ್ನುವುದನ್ನೂ ಮರೆಯಬಾರದು. 1994ರ ಡಿಎಸ್‌ಎಂನಲ್ಲಿ ಸಾವಾಗಿ ಎರಡು ತಿಂಗಳ ತನಕ ಸಾಮಾನ್ಯವಾಗಿ ಖಿನ್ನತೆ ಅನ್ನಬೇಡಿ ಅಂತಿತ್ತು. 2013ರಲ್ಲಿ ಆ ರಿಯಾಯಿತಿ ತೆಗೆದರು. ದುಃಖದ ನೆಪದಲ್ಲಿ ನಿಜವಾದ ಖಿನ್ನತೆ ಚಿಕಿತ್ಸೆಯಿಲ್ಲದೆ ಉಳಿಯುತ್ತದೆ ಅನ್ನುವುದು ಅವರ ವಾದ. ಹೆಂಡತಿಯನ್ನು ಕಳೆದುಕೊಂಡಿದ್ದ ಮನೋವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ದುಃಖವನ್ನೇ ಮುಂದಿಟ್ಟು, ಶೋಕವನ್ನು ಹೀಗೆ ರೋಗ ಮಾಡುವುದರ ಬಗ್ಗೆ ಬರೆದಿದ್ದರು. ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ.

ಹಾಗಂತ 'ನಮ್ಮ ಸಂಸ್ಕೃತಿ' ಅಂತ ಎಲ್ಲವನ್ನೂ ಮುಚ್ಚಿಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ನಮ್ಮೂರಿನಲ್ಲಿ ಬೆಳೆದ ಮಗನನ್ನು ಕಳೆದುಕೊಂಡ ಒಬ್ಬರು ವರ್ಷಗಟ್ಟಲೆ ಜಗಲಿ ಬಿಟ್ಟು ಏಳಲಿಲ್ಲ. ಹೊಲ ಪಾಳು ಬಿತ್ತು, ಸ್ನಾನ ಬಿಟ್ಟರು. "ಹೆತ್ತ ಕರುಳು, ಹಂಗೇ ಇರುತ್ತೆ" ಅಂದುಕೊಂಡೇ ಊರು ಸುಮ್ಮನಿತ್ತು. ಕೊನೆಗೆ ಆಶಾ ಕಾರ್ಯಕರ್ತೆ ಹಟ ಹಿಡಿದು, ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರ ಹತ್ತಿರ ಕಳಿಸಿದರು. ಮಾತ್ರೆಯಿಂದ ಅವರಿಗೆ ಅನುಕೂಲವಾಯಿತು. ಅಲ್ಲಿ ಕಾಯಿಲೆಗೆ ಒಂದು ಹೆಸರು ಬೇಕೇ ಬೇಕಿತ್ತು.

ಮನೆಯ ರೂಢಿ ಯಾವುದು, ಕಾಯಿಲೆ ಯಾವುದು ಅಂತ ಬೇರೆ ಮಾಡಲು ಆ ಜನರ ನಡುವೆ ಹೋಗಿಯೇ ತಿಳಿಯಬೇಕು. ಇದನ್ನು ನಮ್ಮ ನೆಲದಲ್ಲೇ ಮಾಡಿ ತೋರಿಸಿದವರಿದ್ದಾರೆ. ಮನೋವೈದ್ಯರಾದ ಆರ್. ಎಲ್. ಕಪೂರ್ ಮತ್ತು ಮೋರಿಸ್ ಕಾರ್‌ಸ್ಟೇರ್ಸ್ ಕರಾವಳಿಯ ಕೋಟದಲ್ಲಿ ಮಾಡಿದ ಅಧ್ಯಯನ 1976ರಲ್ಲಿ ಪ್ರಕಟವಾಯಿತು. ಊರವರನ್ನೆಲ್ಲ ಅವರು ಒಂದೇ ಗುಂಪು ಅಂತ ನೋಡಲಿಲ್ಲ. ಬ್ರಾಹ್ಮಣರು, ಬಂಟರು, ಮೊಗವೀರರ ಬದುಕನ್ನು ಬೇರೆ ಬೇರೆಯಾಗಿ ನೋಡಿದರು. ಜನ ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ, ನಾಟಿ ವೈದ್ಯ, ಡಾಕ್ಟರು ಎಲ್ಲರ ಹತ್ತಿರವೂ ಹೋಗುತ್ತಾರೆ, ಅದರಲ್ಲಿ ಅವರಿಗೆ ಯಾವ ವಿರೋಧವೂ ಕಾಣುವುದಿಲ್ಲ ಅನ್ನುವುದು ಆ ಕೆಲಸದಿಂದ ಗೊತ್ತಾಯಿತು.

ಇಲ್ಲಿನ ಕನ್ನಡ ಕೂಟಗಳಲ್ಲಿ ಕರ್ನಾಟಕದಲ್ಲೇ ಓದಿ ಬಂದ ಡಾಕ್ಟರುಗಳು ಬೇಕಾದಷ್ಟಿದ್ದಾರೆ. ದೀಪಾವಳಿ, ರಾಜ್ಯೋತ್ಸವ ಚೆನ್ನಾಗಿ ನಡೆಸುತ್ತೇವೆ, ಸಂತೋಷ. ಅದೇ ಡಾಕ್ಟರುಗಳು ಕೂತು, ನಮ್ಮ ಬೇರೆ ಬೇರೆ ಸಮುದಾಯಗಳ ಶೋಕದ ವಾಡಿಕೆಗಳನ್ನು ಎರಡು ಪುಟದಲ್ಲಿ ಬರೆದು ಇಲ್ಲಿನ ಕ್ಲಿನಿಕ್‌ಗಳಿಗೆ ಕೊಡಬೇಕು. ಹಿರಿಯರಿಗೆ ದುಭಾಷಿಯಾಗಿ ಮಗ, ಸೊಸೆ, ಅಳಿಯಂದಿರನ್ನು ಬಿಟ್ಟು ಬೇರೆಯವರು ಸಿಗುವಂತೆ ಮಾಡಬೇಕು. ಮಗನ ಎದುರಿಗೆ ಮಗನ ಮನೆಯ ಒಂಟಿತನ ಹೇಳಿಕೊಳ್ಳಲು ಯಾವ ತಾಯಿಗೆ ಬಾಯಿ ಬರುತ್ತದೆ?