ರೂಮಿನ ಜವಾಬ್ದಾರಿ

ಮದುವೆಯ ಕೆಲಸ ಹಂಚುವಾಗ ಅಡುಗೆಯವರ ಉಸ್ತುವಾರಿ ಸಿಕ್ಕವನು ಪುಣ್ಯವಂತ, ಬಿಸಿ ಜಿಲೇಬಿ ಮೊದಲು ಅವನ ಕೈಗೇ ಬರುತ್ತದೆ. ಫೋಟೊದವರನ್ನು ನೋಡಿಕೊಳ್ಳುವವನು ಆಲ್ಬಮ್ಮಿನ ಪುಟಪುಟದಲ್ಲೂ ಇರುತ್ತಾನೆ. ರೂಮಿನ ಜವಾಬ್ದಾರಿ ಹೊತ್ತವನಿಗೆ ದಕ್ಕುವುದು ಬೀಗದ ಕೈಗಳ ಒಂದು ಗೊಂಚಲು ಮಾತ್ರ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಗಳಿಗೆಯಿಂದ ಅವನನ್ನು ಯಾರೂ "ಕಾಫಿ ಆಯ್ತಾ" ಅಂತ ವಿಚಾರಿಸುವುದಿಲ್ಲ. "ಬಿಸಿನೀರು ಬರ್ತಿಲ್ಲ ಮಾರಾಯ" ಅಂತಲೇ ಮಾತು ಶುರು. ಅಕ್ಕನ ಮಗಳ ಮದುವೆ ಶಿವಮೊಗ್ಗದ ಛತ್ರದಲ್ಲಿ ಎಂದು ನಿಶ್ಚಯವಾದಾಗ ಸೋದರಮಾವನ ಶಾಸ್ತ್ರಗಳ ಜೊತೆಗೆ ನನಗೆ ಇದೂ ಬಂತು.

ಮಲೆನಾಡಿನಲ್ಲಿ ಮದುವೆಗಳು ಮನೆಯಂಗಳದಲ್ಲೇ ನಡೆಯುತ್ತಿದ್ದಾಗ ಇಂಥ ಹುದ್ದೆಯೇ ಇರಲಿಲ್ಲ. ಅಡಿಕೆ ಒಣಗಿಸುವ ಅಂಗಳಕ್ಕೆ ಚಪ್ಪರ ಎದ್ದರೆ ಅದೇ ಛತ್ರ. ಗಂಡಿನ ಕಡೆಯವರ ಬಿಡದಿಗೆ ಪಕ್ಕದ ಮನೆ. ಉಳಿದಂತೆ ಗಂಡಸರು ಜಗಲಿಯಲ್ಲಿ, ಹೆಂಗಸರು ನಡುಮನೆಯಲ್ಲಿ, ಹುಡುಗರು ಅಟ್ಟದ ಮೇಲೆ. ಚಾಪೆ, ಕಂಬಳಿ ಊರವರ ಮನೆಗಳಿಂದ ಬರುತ್ತಿದ್ದವು. ಬಚ್ಚಲ ಹಂಡೆಗೆ ಬೆಳಗಿನ ಜಾವವೇ ಬೆಂಕಿ ಬೀಳುತ್ತಿತ್ತು, ಎದ್ದವರು ಎದ್ದ ಹಾಗೆ ನಾಲ್ಕು ಚೊಂಬು ಹೊಯ್ದುಕೊಂಡು ಹೊರಗೆ. ಯಾರಿಗೂ ರೂಮು ಇರಲಿಲ್ಲವಾದ್ದರಿಂದ ಯಾರಿಗೂ ಕೆಟ್ಟ ರೂಮು ಸಿಗುತ್ತಿರಲಿಲ್ಲ.

ಈಗ ಹಾಗಲ್ಲ. ಛತ್ರದಲ್ಲಿರುವ ರೂಮುಗಳು ಬೀಗರಿಗೇ ಸಾಲುವುದಿಲ್ಲ. ಮಿಕ್ಕವರಿಗೆ ಎರಡು ಬೀದಿ ಆಚೆಗಿನ ಲಾಡ್ಜು. ಛತ್ರವನ್ನೇನೋ ವರ್ಷದ ಮುಂಚೆಯೇ ಗೊತ್ತು ಮಾಡಬೇಕು, ಇಲ್ಲದಿದ್ದರೆ ಒಳ್ಳೆಯ ಮುಹೂರ್ತದ ದಿನ ಸಿಗುವುದಿಲ್ಲ. ಆದರೆ ಬರುವವರು ಯಾವಾಗ ಬರುತ್ತಾರೆ ಎಂಬುದು ಅವರಿಗೇ ತಿಳಿದಿರುವುದಿಲ್ಲ. ಮೊದಲಾದರೆ ರೈಲಿನ ಟಿಕೆಟ್ಟು 120 ದಿನ ಮುಂಚೆ ತೆಗೆಯಬಹುದಿತ್ತು. 2024ರ ನವೆಂಬರ್‌ನಿಂದ ಅದು 60 ದಿನಕ್ಕೆ ಇಳಿದಿದೆ. ಹಾಗಾಗಿ ಬೆಂಗಳೂರಿನವರೆಲ್ಲ "ಟಿಕೆಟ್ ಆದ ಮೇಲೆ ಹೇಳ್ತೀವಿ" ಎಂದರು. ಟಿಕೆಟ್ ಆದ ಮೇಲೆ ತಿಳಿದದ್ದು, ಎಲ್ಲರೂ ರಾತ್ರಿಯ ತಾಳಗುಪ್ಪ ರೈಲಿಗೇ ಮಾಡಿಸಿದ್ದಾರೆ. ಅದು ಶಿವಮೊಗ್ಗಕ್ಕೆ ಬರುವುದು ಕೋಳಿ ಕೂಗುವ ಹೊತ್ತಿಗೆ. ಲಾಡ್ಜಿನವರು ರೂಮು ಕೊಡುವುದು ಮಧ್ಯಾಹ್ನ ಹನ್ನೆರಡಕ್ಕೆ. ನಡುವಿನ ಆರೇಳು ಗಂಟೆ ಹಲ್ಲುಜ್ಜದ ನೆಂಟರನ್ನು ಎಲ್ಲಿ ಕೂರಿಸುವುದು? ಹಿಂದಿನ ದಿನದ ಬಾಡಿಗೆಯನ್ನೂ ಕಟ್ಟಿ ಖಾಲಿ ಮಂಚಗಳನ್ನು ಒಂದು ರಾತ್ರಿ ನಿದ್ದೆ ಮಾಡಲು ಬಿಟ್ಟೆವು.

ಇನ್ನು ಹಂಚಿಕೆ. ಯಾರಿಗೆ ಯಾವ ರೂಮು ಎಂದು ಬರೆದುಕೊಂಡ ಹಾಳೆಯನ್ನು ಯಾರಾದರೂ ಜೋಪಾನ ಮಾಡಿದರೆ ಮುಂದಿನ ತಲೆಮಾರಿಗೆ ನಮ್ಮ ವಂಶವೃಕ್ಷ ಬೇಕಾಗುವುದಿಲ್ಲ, ಅದರಲ್ಲೇ ಎಲ್ಲ ಇದೆ. ಮಂಡಿನೋವಿನವರಿಗೆ ನೆಲಮಹಡಿ, ಅದರಲ್ಲೂ ಕಮೋಡ್ ಇರುವುದು. ಮಂಡಿನೋವಿಲ್ಲದವರು ನಮ್ಮ ಪೈಕಿ ಯಾರಿದ್ದಾರೆ? ಗದ್ದೆ ಪಾಲಾದ ವರ್ಷದಿಂದ ಮಾತು ಬಿಟ್ಟಿರುವ ದೊಡ್ಡಪ್ಪ, ಚಿಕ್ಕಪ್ಪ ಎದುರುಬದುರು ಬರಬಾರದು. ಒಬ್ಬರು ಒಂದನೇ ಮಹಡಿಯಲ್ಲಿದ್ದರೆ ಇನ್ನೊಬ್ಬರು ಎರಡನೆಯದರಲ್ಲಿ. ಹಾಗೆ ಮಾಡಿದರೆ ಮೇಲಿನವರು ಯಾರು, ಕೆಳಗಿನವರು ಯಾರು ಎಂಬ ಹೊಸ ಪ್ರಶ್ನೆ. ಗೊರಕೆಯವರನ್ನೆಲ್ಲ ಒಟ್ಟಿಗೆ ಹಾಕುವುದು ನ್ಯಾಯ. ಆದರೆ ತನಗೆ ಗೊರಕೆ ಇದೆ ಎಂದು ಒಪ್ಪಿಕೊಂಡ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ.

ಎಸಿ ಇದ್ದ ರೂಮುಗಳನ್ನು ಬೀಗರಿಗೆ ಮೀಸಲಿಟ್ಟಿದ್ದು ಗುಟ್ಟಾಗಿರಬೇಕಿತ್ತು. ವರಪೂಜೆಯ ದಿನ ಸಂಜೆಗೇ ಚಿಕ್ಕಮ್ಮನ ಕಿವಿಗೆ ಬಿತ್ತು.

"ನಮಗೆ ಎಸಿ ಆಗಲ್ಲ ಕಣೋ, ತಲೆ ಹಿಡಿದುಬಿಡುತ್ತೆ."

"ಮತ್ತಿನ್ನೇನು ಚಿಕ್ಕಮ್ಮ?"

"ಬೇಕಾ ಅಂತ ಒಂದು ಮಾತು ಕೇಳಬಹುದಿತ್ತಲ್ಲ."

ಈ ಉದ್ಯೋಗದಲ್ಲಿ ತಿಳಿಯಬೇಕಾದ್ದೆಲ್ಲ ಆ ಒಂದು ಮಾತಿನಲ್ಲಿದೆ. ನಮ್ಮವರಿಗೆ ರೂಮು ಬೇಕಿಲ್ಲ, ರೂಮು ಕೊಟ್ಟರು ಎನ್ನುವ ಮರ್ಯಾದೆ ಬೇಕು. ಸಾಕ್ಷಿಗೆ ಆ ರಾತ್ರಿಯೇ ಸಾಕು. ಲಾಡ್ಜಿನಲ್ಲಿ ಒಬ್ಬೊಬ್ಬರ ಆಧಾರ್ ಕಾರ್ಡಿನ ಪ್ರತಿ ಕೊಟ್ಟು, "ಮದುವೆಗೆ ಬಂದವರ ಹತ್ರ ಗುರುತಿನ ಚೀಟಿ ಕೇಳ್ತಾರೇನೋ" ಎಂದು ಬೈಸಿಕೊಂಡು, ಕಡೆಗೂ ಎಲ್ಲರಿಗೂ ಕೀ ಕೊಟ್ಟಾಯಿತು. ಅವರು ಹೋಗಿ ಬ್ಯಾಗಿಟ್ಟು, ಬೀಗ ಹಾಕಿ, ಸೀದಾ ಛತ್ರಕ್ಕೇ ವಾಪಸು ಬಂದರು. ಊಟದ ನಂತರ ವೇದಿಕೆಯ ಪಕ್ಕ ಜಮಖಾನ ಹಾಸಿದ್ದಾಯಿತು. ಇಸ್ಪೀಟಿನವರು ಒಂದು ಕಡೆ, ಎಲೆಯಡಿಕೆ ತಟ್ಟೆಯ ಸುತ್ತ ಅತ್ತೆಯಂದಿರು ಒಂದು ಕಡೆ. ನಡುರಾತ್ರಿ ನೋಡಿದರೆ ಮೂವರ ದಿಂಬು ಹಂಚಿಕೊಂಡು ಏಳು ಜನ ಮಲಗಿದ್ದಾರೆ. ಮಾತು ಬಿಟ್ಟ ಅಣ್ಣತಮ್ಮಂದಿರಿಬ್ಬರೂ ಒಂದೇ ಫ್ಯಾನಿನ ಕೆಳಗೆ, ಬೆನ್ನಿಗೆ ಬೆನ್ನು ಹಾಕಿ, ಒಂದೇ ಶ್ರುತಿಯಲ್ಲಿ ಗೊರೆಯುತ್ತಿದ್ದರು. ಲಾಡ್ಜಿನ ಬಾಡಿಗೆ ಬ್ಯಾಗುಗಳಿಗೆ.

ಹೆಣ್ಣಿನ ರೂಮಿನ ಕನ್ನಡಿಯನ್ನು ಮಾತ್ರ ಹೇಳಲೇಬೇಕು. ಅದರ ಅಂಚಿನುದ್ದಕ್ಕೂ ಹಿಂದಿನ ಮದುವೆಗಳ ಬಿಂದಿಗಳು: ಕೆಂಪು, ಹಸಿರು, ಕಲ್ಲಿನವು, ಮುಖ ತೊಳೆಯುವ ಮೊದಲು ಕಿತ್ತು ಅಂಟಿಸಿ ಮರೆತು ಹೋದವು. ಛತ್ರದವರು ಕನ್ನಡಿ ಒರೆಸುತ್ತಾರೆ, ಬಿಂದಿ ಕೀಳುವುದಿಲ್ಲ. ಕನ್ನಡಿಯ ಕೆಳಗೆ ಒಂದೇ ಒಂದು ಪ್ಲಗ್ಗು. ಅದಕ್ಕೆ ಕೂದಲು ಸುರುಳಿ ಮಾಡುವ ಯಂತ್ರ ಹಾಕುವುದೋ ಫೋನ್ ಚಾರ್ಜಿಗೆ ಇಡುವುದೋ ಎಂದು ಅಲ್ಲಿ ನಡೆದ ಜಗಳವನ್ನು ಪುರೋಹಿತರು ಬಂದು ಬಿಡಿಸಿದರು, ಅವರ ಫೋನಿಗೂ ಚಾರ್ಜ್ ಇರಲಿಲ್ಲ.

ಮುಹೂರ್ತ ಅಭಿಜಿನ್ ಲಗ್ನ. ಅಂದರೆ ನಡುಮಧ್ಯಾಹ್ನದ ಆಸುಪಾಸು. ಬಹಳ ಶ್ರೇಷ್ಠ, ದೋಷಗಳನ್ನೆಲ್ಲ ಕಳೆಯುತ್ತದಂತೆ. ಲಾಡ್ಜಿನ ದೋಷವೊಂದನ್ನು ಬಿಟ್ಟು. ಅಲ್ಲಿ ರೂಮು ಖಾಲಿ ಮಾಡಬೇಕಾದ್ದೂ ಸರಿಯಾಗಿ ಹನ್ನೆರಡಕ್ಕೆ. ಅಂತರಪಟದ ಈಚೆ ಹುಡುಗಿಯ ಪಕ್ಕದಲ್ಲಿ ನಾನು ನಿಂತಿದ್ದೇನೆ, ವಾಲಗದವರು ಗಟ್ಟಿಮೇಳಕ್ಕೆ ಉಸಿರು ಹಿಡಿದಿದ್ದಾರೆ, ಕಿಸೆಯಲ್ಲಿ ಫೋನು ಗುರುಗುಟ್ಟುತ್ತಿದೆ. "ಸಾರ್, ಟೈಮ್ ಆಯ್ತು. ಇನ್ನೊಂದು ದಿನದ್ದು ಹಾಕ್ಲಾ?" ಅಕ್ಷತೆಯ ಮಳೆಯ ನಡುವೆ ನಾನು ಆ ಫೋನಿಗೂ ಹೂಂ ಅಂದೆ. ಪಂಚಾಂಗ ನೋಡುವವರು ಇನ್ನು ಮುಂದೆ ಲಾಡ್ಜಿನ ಬೋರ್ಡನ್ನೂ ಒಮ್ಮೆ ನೋಡುವುದು ಕ್ಷೇಮ.

ಹನಿಮೂನಿನ ಜವಾಬ್ದಾರಿ ನನ್ನದಲ್ಲ, ಹುಡುಗ ಹುಡುಗಿಯದೇ. ಆದರೆ ಒಂದು ಮಂಚದ ಆ ರೂಮಿನ ಬಗ್ಗೆ ಇಡೀ ಛತ್ರಕ್ಕೆ ಅಭಿಪ್ರಾಯವಿತ್ತು. ದೊಡ್ಡಪ್ಪನದು ಜೋಗ. ಅವರ ಕಾಲಕ್ಕೆ ಅವರೂ ಅಲ್ಲಿಗೇ ಹೋಗಿದ್ದು, ಜೊತೆಗೆ ತಂಗಿ, ತಮ್ಮ ಮತ್ತು ಒಂದು ಬುತ್ತಿ. ಮದುವೆ ವೈಶಾಖದಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ಹಿಡಿದುಕೊಂಡ ಮೇಲೆ ಬೇಸಿಗೆಯ ಜೋಗದಲ್ಲಿ ನೋಡುವುದಕ್ಕೆ ಸಿಗುವುದು 830 ಅಡಿ ಬಂಡೆ. "ಬಂಡೆಯೂ ಚೆನ್ನಾಗಿದೆ" ಎಂದರು ದೊಡ್ಡಮ್ಮ, ಇಷ್ಟು ವರ್ಷದ ಸಂಸಾರದ ಧಾಟಿಯಲ್ಲಿ. ಭಾವನದು ಊಟಿ. ಈಗ ಅಲ್ಲಿಗೂ ಸುಮ್ಮನೆ ಹೋಗುವ ಹಾಗಿಲ್ಲ. ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, 2025ರ ಬೇಸಿಗೆಯಲ್ಲಿ ದಿನಕ್ಕೆ 6000 ವಾಹನ, ವಾರಾಂತ್ಯಕ್ಕೆ 8000 ಎಂದು ಮಿತಿಯನ್ನೂ ಹಾಕಿದರು. ಮೈಸೂರಿನ ಕಡೆಯಿಂದ ಹೊರಟರೆ ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಬೀಳ್ಕೊಡುವ ಅಳು ಸ್ವಲ್ಪ ಉದ್ದವಾದರೂ ಮೊದಲ ರಾತ್ರಿ ಗೇಟಿನ ಮುಂದೆ ಲಾರಿಗಳ ಸಾಲಿನಲ್ಲಿ.

ಹುಡುಗಿ ಯಾರನ್ನೂ ಕೇಳದೆ ಬಾಲಿಗೆ ಟಿಕೆಟ್ ಮಾಡಿಸಿದ್ದಳು. ಲೆಕ್ಕಾಚಾರ ಗಟ್ಟಿಯಾಗಿಯೇ ಇತ್ತು. ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ಮನೆದೇವರು, ಬೀಗರ ಔತಣ ಎಲ್ಲ ಮುಗಿಯುವಷ್ಟರಲ್ಲಿ ಜೂನ್. ಆಮೇಲೆ ಆಷಾಢ ಬಂದರೆ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂದು ಅವಳನ್ನು ತವರಿಗೆ ಕಳಿಸುತ್ತಾರೆ. ನಡುವೆ ಸಿಗುವುದು ಒಂದು ವಾರ. ಆಗ ಆಗುಂಬೆಯಲ್ಲಿ ಮಳೆ ಹಿಡಿದಿರುತ್ತದೆ, ಸಮಭಾಜಕದ ಆ ಕಡೆಯ ಬಾಲಿಯಲ್ಲಿ ಬಿಸಿಲು. ಎಲ್ಲ ಸರಿ ಹೋಗುತ್ತಿತ್ತು, ವೀಸಾಕ್ಕೆ ಎಷ್ಟು ಎಂದು ಭಾವ ಕೇಳದೆ ಇದ್ದಿದ್ದರೆ.

"ಐದು ಲಕ್ಷ ಅಪ್ಪ."

ಭಾವ ಕುರ್ಚಿ ಹುಡುಕಿದರು. ಅದು ಅವರ ರುಪಿಯಾ, ನಮ್ಮ ಲೆಕ್ಕದಲ್ಲಿ ಒಬ್ಬರಿಗೆ ಮೂರು ಸಾವಿರದ ಆಸುಪಾಸು ಎಂದು ಹೇಳುವ ಮುಂಚೆ ಅವಳು ಬೇಕೆಂದೇ ಒಂದು ಗುಟುಕು ನೀರು ಕುಡಿದಳು. ಮದುವೆಯ ಖರ್ಚಿನ ಬಗ್ಗೆ ಮೂರು ತಿಂಗಳು ಕೇಳಿದ ಗೊಣಗಾಟಕ್ಕೆ ಅವಳಿಗೂ ಏನಾದರೂ ಸಿಗಬೇಕಲ್ಲ.

ಹೋದ ಮೇಲೆ ಮನೆಯವರ ವಾಟ್ಸಾಪ್ ಗುಂಪಿಗೆ ರೂಮಿನ ಫೋಟೊ ಬಂತು. ಟವೆಲ್ಲನ್ನೇ ಮಡಚಿ ಮಾಡಿದ ಎರಡು ಹಂಸ, ಕೊಕ್ಕಿಗೆ ಕೊಕ್ಕು, ಸುತ್ತ ಗುಲಾಬಿ ಎಸಳು, ಆಚೆಗೆ ಈಜುಕೊಳ. ಎಲ್ಲರೂ ಹೃದಯ ಒತ್ತಿದರು. ದೊಡ್ಡಮ್ಮ ಮಾತ್ರ ಕನ್ನಡಕ ಏರಿಸಿ, ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ ಹೇಳಿದರು: "ಮಂಚ ನೋಡೇ, ಎಷ್ಟು ಅಗಲ! ಅಡ್ಡಡ್ಡ ಮಲಗಿದರೆ ಆರು ಜನ ಹಿಡಿಯುತ್ತಾರೆ. ಒಂದು ಮಾತು ಕೇಳಬಹುದಿತ್ತು."