ಫಾರಿನ್ ಗುಳಿಗಿ

ನಾನು ಇಂಗ್ಲೆಂಡಿಂದ ರಜಕ್ಕೆ ಗೋವಾದ ವಾಸ್ಕೋಗೆ ಬರ್ತೀನಿ ಅಂತ ಗೊತ್ತಾದ್ರೆ ಸಾಕು, ನಮ್ಮ ಗಲ್ಲಿಲಿರೋ ಹಾವೇರಿ, ಗದಗ ಕಡೆ ಮಂದಿಗೆಲ್ಲ ಒಟ್ಟಿಗೇ ತಲೆನೋವು ಶುರು. ಚಾಕೊಲೇಟ್ ಬೇಡ, ಸೆಂಟು ಬೇಡ, "ಬರೂಮುಂದ ಒಂದಿಷ್ಟ್ ಫಾರಿನ್ ಗುಳಿಗಿ ತಗೊಂಬಾರವ್ವಾ." ಅಲ್ಲಿ ನಂದು ಫಾರ್ಮಸಿ ಟ್ರೈನಿಂಗ್ ಅಂದ್ರೆ ಗುಳಿಗೆ ಗೋಡೌನ್ ಕೀಲಿ ನನ್ನ ಹತ್ರಾನೇ ಇರತ್ತೆ ಅಂದ್ಕೊಂಡಿದಾರೆ.

ಅಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಪ್ಯಾರಾಸಿಟಮಾಲ್ ಒಂದು ಪ್ಯಾಕೆಟ್‌ಗೆ 16 ಗುಳಿಗೆ ಅಷ್ಟೇ, ಜಾಸ್ತಿ ನುಂಗಿ ಲಿವರ್ ಕೆಡಿಸ್ಕೊಳ್ಳೋರು ಹೆಚ್ಚಾದ್ರು ಅಂತ 1998ರಲ್ಲಿ ಮಾಡಿದ ರೂಲು, ಎರಡು ಪ್ಯಾಕೆಟ್ ಮೇಲೆ ಕೊಡೋದೂ ಇಲ್ಲ. ಅಮ್ಮ ಕಳಿಸಿದ ಲಿಸ್ಟ್‌ನಲ್ಲಿ ಇಡೀ ಗಲ್ಲಿ ಇತ್ತು. ಮೂರನೇ ಪ್ಯಾಕೆಟ್ ತೋರಿಸಿದ್ದೇ ಬಿಲ್ಲಿಂಗ್ ಮಷೀನ್ ಕೆಂಪು ಲೈಟ್ ಹಾಕಿ ನಿಂತ್ಬಿಡ್ತು, ಒಬ್ಬ ಹುಡುಗ ಓಡಿ ಬಂದು ಪ್ಯಾಕೆಟ್ ಕಿತ್ಕೊಂಡು, ದಿನಕ್ಕೆ ಎಂಟರ ಮೇಲೆ ತಗೋಬಾರ್ದು ಮೇಡಂ ಅಂತ ಪಾಠ ಶುರು ಮಾಡಿದ. ಬೆಳಗ್ಗೆಯಿಂದ ಕೌಂಟರ್‌ನಲ್ಲಿ ನಾನು ಅದೇ ಪಾಠ ಹೇಳಿ ಗಂಟಲು ಒಣಗಿಸ್ಕೊಂಡು ಬಂದಿದ್ದೆ!

ನಮ್ಮೂರ ಮೆಡಿಕಲ್‌ನವ್ರು ಕತ್ರಿಲಿ ಕಚಕ್ ಅಂತ ಮೂರು ಗುಳಿಗೆ ಕಟ್ ಮಾಡಿ ಕೊಡ್ತಾರೆ, ಹೆಸರು, ಡೇಟು ಎಲ್ಲ ಉಳಿದ ತುಂಡಲ್ಲೇ ಹೋಗಿರತ್ತೆ. ಕಾಕಂದಿರು ತಮ್ಮ ಕೈಗೆ ಬಂದ ತುಂಡಿನ ಫೋಟೋ ವಾಟ್ಸಾಪ್ ಮಾಡಿ "ಇದು ಯಾತರದವಾ?" ಅಂತಾರೆ. ಬೆಳ್ಳಿ ಬಣ್ಣದ್ದು ಕಾಕಾ, ಅಷ್ಟೇ ಗೊತ್ತಾಗ್ತಿದೆ. ಇಂಗ್ಲೆಂಡ್‌ನಲ್ಲಿ ಡಬ್ಬಿ ಮೇಲೆ ಪೇಷಂಟ್ ಹೆಸರಿನ ಲೇಬಲ್ಲು, ಕಣ್ಣು ಕಾಣದವರಿಗೆ ಬ್ರೈಲ್ ಚುಕ್ಕಿ ಬೇರೆ.

ಒಂದಿನ ಬಿಪಿ ಗುಳಿಗೆ ಡಬ್ಬಿಗೆ ಲೇಬಲ್ ಅಂಟಿಸ್ತಾ ಮಗ್ಗುಲು ತಿರುಗಿಸಿ ನೋಡಿದ್ರೆ ಸಣ್ಣ ಅಕ್ಷರದಲ್ಲಿ ಗೋವಾದ ಡ್ರಗ್ ಲೈಸೆನ್ಸ್ ಕೋಡು, ಅಂದ್ರೆ ಮಾಡಿದ್ದು ನಮ್ಮ ಗೋವಾದಲ್ಲೇ! ಅಪ್ಪ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್‌ನ ಔಷಧಿ ಫ್ಯಾಕ್ಟರಿಲಿ ಪ್ಯಾಕಿಂಗ್ ಮಾಡ್ತಾ ರಿಟೈರ್ ಆದೋರು. ಫೋನ್ ಮಾಡಿ ಹೇಳಿದ್ರೆ, "ಇದನ್ನ ನೋಡಾಕ ಅಲ್ಲಿಗ್ ಹೋದೇನು? ಬಸ್ಸಿಗೆ ವೆರ್ಣಾಕ್ಕ ಕರ್ಕೊಂಡ್ ಹೋಗಿ ತೋರಿಸ್ತಿದ್ನಲ್ಲ" ಅಂದ್ರು.

ಕೊನೆಗೆ ನಾನು ತಂದ ಎರಡೇ ಪ್ಯಾಕೆಟ್ ಪಕ್ಕದ ಮನೆ ಕಾಕು ಪಾಲಾಯ್ತು. ಒಂದು ನುಂಗಿ, ಅರ್ಧ ತಾಸಲ್ಲಿ ಜ್ವರ ಇಳೀತು ಅಂತ ಊರೆಲ್ಲ ಹೇಳ್ಕೊಂಡು ಬಂದ್ರು. ಅಪ್ಪ ತಡೀಲಾರ್ದೆ ಪ್ಯಾಕೆಟ್ ತಿರುಗಿಸಿ ಮೇಡ್ ಇನ್ ಇಂಡಿಯಾ ಅಂತಿದ್ದಿದ್ದು ತೋರಿಸಿದ್ರು. ಕಾಕು ಕನ್ನಡಕ ಏರಿಸಿ ನೋಡಿ,

"ಇಲ್ಲೇ ಮಾಡಿದ್ದಿರ್ಲಿ ಬಿಡ್ರೀ ಅಣ್ಣಾರ, ಲಂಡನ್ ಹವಾ ಕುಡದ್ ಬಂದೈತಲ್ಲ, ಅದಕ್ಕ ಪವರ್ ಜಾಸ್ತಿ" ಅಂದು, ಮುಂದಿನ ಸಲಕ್ಕೆ ಮಂಡಿನೋವಿಂದೂ ಬರ್ಕೋ ಅಂದ್ರು.